ತಾತನ ಹೆಸರಲ್ಲಿ ಹುಡುಕಿದವಳು

ಫೋನು ಎಂದರೆ ರೂಪಶ್ರೀಗೆ ಹೆದರಿಕೆ. ಇದನ್ನು ಅವಳು ಯಾರಿಗೂ ಹೇಳಿಕೊಂಡವಳಲ್ಲ, ಡೈರಿಗೆ ಮಾತ್ರ ಹೇಳಿದ್ದಳು. ‘ಇವತ್ತೂ ಹಾರನಹಳ್ಳಿಗೆ ಫೋನು ಮಾಡಲಿಲ್ಲ. ನಂಬರು ಒತ್ತಿ, ರಿಂಗಾಗುವ ಮೊದಲೇ ಇಟ್ಟುಬಿಟ್ಟೆ. ಬಿ.ಎಸ್ಸಿ. ಮುಗಿಸಿ, ಆರು ತಿಂಗಳು ಮೈಸೂರಿಗೆ ಬಸ್ಸಿನಲ್ಲಿ ಓಡಾಡಿ ಜಾವಾ ಕಲಿತವಳಿಗೆ ಹಲೋ ಅನ್ನಲು ಬರುವುದಿಲ್ಲ ಅಂದರೆ ಯಾರಾದರೂ ನಂಬುತ್ತಾರಾ?’ ಎಂದು 2003ರ ಮೇ ತಿಂಗಳ ಒಂದು ಪುಟದಲ್ಲಿ ಬರೆದಿದ್ದಳು. ಆಮೇಲೆ ಆ ಪುಟವನ್ನು ಎಷ್ಟು ಸಲ ತೆರೆದು ನೋಡಿದಳೋ. ಅವತ್ತು ಫೋನು ಮಾಡಿ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಹುಣಸೂರಿನ ಹಳೆಯ ಅಕ್ಕಿ ಗಿರಣಿಯೊಂದರ ಮಹಡಿಯಲ್ಲಿ, ರೈತರ ಹೊಲದ ಮಣ್ಣು ಪರೀಕ್ಷೆ ಮಾಡಿಕೊಡುವ ಸಣ್ಣ ಸಂಸ್ಥೆಯಿತ್ತು. ರೂಪಶ್ರೀ ಅಲ್ಲಿದ್ದ ಒಬ್ಬಳೇ ಪ್ರೋಗ್ರಾಮರ್. ಮೊದಲೆಲ್ಲ ರೈತರು ಮಣ್ಣಿನ ಚೀಲ ಕೊಟ್ಟು, ತಿಂಗಳು ಕಳೆದ ಮೇಲೆ ರಿಪೋರ್ಟಿಗೆ ಹುಣಸೂರಿಗೇ ಬರಬೇಕಿತ್ತು. ಸುಣ್ಣ ಎಷ್ಟು ಹಾಕಬೇಕು, ಯಾವ ಗೊಬ್ಬರ ಬೇಡ ಎಂಬ ಒಂದು ಹಾಳೆಗಾಗಿ ಇಡೀ ದಿನದ ಕೆಲಸ ಕೆಡುತ್ತಿತ್ತು. ಮ್ಯಾನೇಜರ್ ಶಿವಶಂಕರ್ ಹೇಳಿದಂತೆ ಅವಳು ರಿಪೋರ್ಟುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಹಾರನಹಳ್ಳಿ ಮತ್ತು ಹ್ಯಾಂಡ್‌ಪೋಸ್ಟ್ ಎಂಬ ಎರಡು ಊರುಗಳ ಕೌಂಟರುಗಳಲ್ಲಿ ಟೆಲಿಫೋನ್ ಲೈನಿನ ಮೂಲಕ ತೆಗೆದು ನೋಡುವಂತೆ ಮಾಡಿದ್ದಳು.

ಹಾರನಹಳ್ಳಿಯ ಕೌಂಟರಿಗೆ ಕೂತವಳು ಮಂಗಳಗೌರಿ. ನಲವತ್ತರ ಹತ್ತಿರದ ಹೆಂಗಸು, ಎಸ್ಸೆಸ್ಸೆಲ್ಸಿ ಪಾಸು. ಅಲ್ಲಿಯವರೆಗೆ ಕೌಂಟರಿನ ಹಿಂದಿನ ಶೆಡ್ಡಿನಲ್ಲಿ ಮಣ್ಣು ಜರಡಿ ಹಿಡಿದು, ಚೀಲಗಳಿಗೆ ಚೀಟಿ ಕಟ್ಟುತ್ತಿದ್ದಳು. ಕಲಿಸಲು ಹೋದ ದಿನ ರೂಪಶ್ರೀ ಬಾಯಿ ಬಿಡುವ ಮೊದಲೇ ಅವಳ ಪ್ರಶ್ನೆಗಳು ಶುರುವಾಗಿದ್ದವು.

“ಎಸ್ರು ಆಕುದ್ರೆ ಬಂದ್ಬುಡ್ತದಾ ತಾಯಿ?”

“ಬರುತ್ತೆ ಅಕ್ಕ. ಮಣ್ಣು ತಂದಾಗ ಕೊಟ್ಟ ಚೀಟಿ ನಂಬರು ಹಾಕಿದ್ರೂ ಬರುತ್ತೆ.”

“ಚೀಟಿ ಯಾವನ್ ಮಡಿಕಂಡಿರ್ತಾನೆ? ಅಂಗಿ ಜೇಬಲ್ಲಿಟ್ಟು ಒಗ್ಯಕ್ಕೆ ಆಕಿರ್ತಾರೆ. ಎಸ್ರು ಸಿಗ್ನಿಲ್ಲ ಅಂದ್ರೆ?”

“ಮಾಹಿತಿ ಇಲ್ಲ ಅಂತ ತೋರಿಸುತ್ತೆ. ಆಗ ಇನ್ನೊಂದು ಹೆಸರು ಹಾಕಿ. ಎಷ್ಟು ಸಲ ಬೇಕಾದ್ರೂ ಹುಡುಕಬಹುದು.”

“ಅಂಗಾದ್ರೆ ಬುಡು, ಗೆದ್ದೆ!” ಎಂದು ಮಂಗಳಗೌರಿ ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡಿದ್ದಳು. “ನೀನು ಮಾತಾಡಾದು ಕಮ್ಮಿ, ನಾನು ಜಾಸ್ತಿ. ಇಬ್ರೂವೆ ಸೇರುದ್ರೆ ಒಂದಾಳು ಸರಿಯಾಯ್ತದೆ ಕಣವ್ವ.”

ರೂಪಶ್ರೀ ಆ ದಿನ ನಕ್ಕಿದ್ದಳು. ಹೊಸಬರ ಮುಂದೆ ಅವಳು ಅಷ್ಟು ಸಲೀಸಾಗಿ ನಕ್ಕದ್ದು ಅದೇ ಮೊದಲು.

ಮೂರು ವಾರ ಎಲ್ಲ ನೆಟ್ಟಗೆ ನಡೆಯಿತು. ಹೊಲ ಉಳುವ ದಿನ ಹತ್ತಿರವಾಗಿ ಕೌಂಟರಿಗೆ ಜನ ಹೆಚ್ಚಿದ ಮೇಲೆ, ಹುಣಸೂರಿನಲ್ಲಿ ಬೆಳಗ್ಗೆ ಹಚ್ಚಿ ಸಂಜೆ ಆರಿಸುತ್ತಿದ್ದ ಸರ್ವರ್, ಎಂದರೆ ರಿಪೋರ್ಟುಗಳನ್ನು ಕೌಂಟರುಗಳಿಗೆ ಕಳಿಸುವ ಕಂಪ್ಯೂಟರು, ದಿನವೂ ಹನ್ನೊಂದು ಗಂಟೆಯ ಸುಮಾರಿಗೆ ನಿಲ್ಲತೊಡಗಿತು. ಪರದೆ ಬೆಳ್ಳಗೆ ಕೂತುಬಿಡುತ್ತಿತ್ತು, ಅತ್ತಲೂ ಇಲ್ಲ, ಇತ್ತಲೂ ಇಲ್ಲ. ರೂಪಶ್ರೀ ಅದನ್ನು ಆರಿಸಿ ಮತ್ತೆ ಹಚ್ಚಿದರೆ ಒಂದೆರಡು ಗಂಟೆ ನಡೆಯುತ್ತಿತ್ತು. ಹೊರಗಿನ ಕೋರಿಕೆಯನ್ನು ಮುಂದೆ ನಿಂತು ತೆಗೆದುಕೊಳ್ಳುವುದು ಅಪಾಚೆ, ಒಳಗೆ ಜಾವಾ ನಡೆಸುವುದು ಟಾಮ್‌ಕ್ಯಾಟ್. ಇವೆರಡರ ನಡುವಿನ ಕೊಂಡಿಯೇ ಸಡಿಲವಿರಬೇಕೆಂದು ಅವಳು ಒಂದು ವಾರವೆಲ್ಲ ಆ ಕೊಂಡಿಯ ಫೈಲುಗಳನ್ನು ತಿದ್ದಿದಳು, ಪೋರ್ಟ್ ನಂಬರು ಬದಲಿಸಿದಳು, ಎರಡನ್ನೂ ಕಿತ್ತು ಹೊಸದಾಗಿ ಹಾಕಿದಳು. ಏನು ಮಾಡಿದರೂ ಹನ್ನೊಂದಕ್ಕೆ ಅದೇ ಬಿಳಿ ಪರದೆ.

ಕೊನೆಗೆ ದೋಷದ ಸಾಲು ಸಿಕ್ಕಿತು: ಡೇಟಾಬೇಸಿಗೆ ಕನೆಕ್ಷನ್ ಉಳಿದಿಲ್ಲ. ಒಂದು ಹುಡುಕಾಟಕ್ಕೆ ಒಂದರಂತೆ ಅವಳು ಅಲ್ಲಿ ಎಂಟು ಕನೆಕ್ಷನ್ ಇಟ್ಟಿದ್ದಳು. ಸಣ್ಣ ಹೋಟೆಲಿನಲ್ಲಿ ಎಂಟೇ ಲೋಟವಿದ್ದ ಹಾಗೆ. ಕುಡಿದವರು ಲೋಟ ವಾಪಸು ಇಟ್ಟರೆ ನೂರು ಜನಕ್ಕೂ ಕಾಫಿ ಸಿಗುತ್ತದೆ. ಎಂಟು ಜನ ಇಡದೆ ಹೋದರೆ ಒಂಬತ್ತನೆಯವನು ನಿಂತೇ ಇರಬೇಕು. ರೂಪಶ್ರೀ ಎಂಟನ್ನು ಇಪ್ಪತ್ತು ಮಾಡಿದಳು. ಹನ್ನೊಂದಕ್ಕೆ ನಿಲ್ಲುತ್ತಿದ್ದದ್ದು ಮೂರಕ್ಕೆ ನಿಂತಿತು, ಅಷ್ಟೆ. ಆಗ ಪ್ರತಿ ಹುಡುಕಾಟವೂ ದಾಖಲಾಗುವ ಲಾಗ್ ತೆಗೆದು, ನಿಲ್ಲುವ ಮುಂಚೆ ಕೋರಿಕೆ ಎಲ್ಲಿಂದ ಬಂದಿದೆ ಎಂದು ಸಾಲುಸಾಲಾಗಿ ನೋಡಿದಳು. ಹತ್ತರಲ್ಲಿ ಒಂಬತ್ತು ಹಾರನಹಳ್ಳಿಯವು. ಹ್ಯಾಂಡ್‌ಪೋಸ್ಟಿನಿಂದ ದಿನಕ್ಕೆ ಐದು ಹುಡುಕಾಟವಾದರೆ ಹಾರನಹಳ್ಳಿಯಿಂದ ನಲವತ್ತೈದು.

ಇಷ್ಟೊಂದು ಯಾಕೆ ಹುಡುಕುತ್ತೀರಿ ಅಕ್ಕ ಎಂದು ಕೇಳಬೇಕಿತ್ತು. ಫೋನು ಎತ್ತಿದಳು, ಇಟ್ಟಳು. ಆ ಲೈನು ಇಂಟರ್ನೆಟ್ಟಿನಲ್ಲೇ ಇರುತ್ತದೆ, ಮಾಡಿದರೂ ಸಿಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಲಾಗನ್ನು ಅಚ್ಚು ಹಾಕಿ, ಹಾರನಹಳ್ಳಿಯ ಸಾಲುಗಳಿಗೆ ಕೆಂಪು ಗೆರೆ ಎಳೆದು, ಶಿವಶಂಕರ್ ಅವರ ಮೇಜಿನ ಮೇಲಿಟ್ಟು ಬಂದಳು. ಕಾಗದ ಕೊಡುವುದು ಅವಳಿಗೆ ಸುಲಭ.

ಶಿವಶಂಕರ್ ಕೆಟ್ಟವರಲ್ಲ, ಅವಸರದವರು. “ಆಯಮ್ಮ ಸುಮ್ಮಸುಮ್ಮನೆ ಕುಟ್ತಾ ಕೂತಿರ್ತಾರೆ ಅನ್ಸುತ್ತೆ. ಹೊಸ ಆಟದ ಸಾಮಾನು ಸಿಕ್ಕಿದ ಹಾಗೆ,” ಎಂದರು. ಮಾರನೆಯ ವಾರ ಮಂಗಳಗೌರಿ ಶೆಡ್ಡಿಗೆ ವಾಪಸಾದಳು. ಹ್ಯಾಂಡ್‌ಪೋಸ್ಟಿನ ವೀರಭದ್ರಸ್ವಾಮಿ ವಾರಕ್ಕೆ ಮೂರು ದಿನ ಬಂದು ಹಾರನಹಳ್ಳಿಯ ಕೌಂಟರನ್ನೂ ನೋಡಿಕೊಳ್ಳತೊಡಗಿದರು.

ಸರ್ವರ್ ಒಂದು ದಿನವೂ ನಿಲ್ಲಲಿಲ್ಲ.

ಜೂನ್ ನಡುವಿನಲ್ಲಿ ರೂಪಶ್ರೀ ಊರಿನ ಹೆಸರಿನಿಂದಲೂ ಹುಡುಕುವ ಸೌಲಭ್ಯ ಸೇರಿಸಲು ಕೂತಳು. ಪರೀಕ್ಷೆಗೆಂದು ತನ್ನ ಮೇಜಿನ ಕಂಪ್ಯೂಟರಿನಲ್ಲಿ ಇನ್ನೊಂದು ಡೇಟಾಬೇಸ್ ಮಾಡಿಕೊಂಡಿದ್ದಳು. ಅದರಲ್ಲಿ ಕನೆಕ್ಷನ್ ಮೊದಲಿನಂತೆ ಎಂಟೇ, ಇನ್ನೂ ಒಂದು ಹೆಸರೂ ಇರಲಿಲ್ಲ. ಏನು ಹಾಕಿದರೂ ‘ಮಾಹಿತಿ ಇಲ್ಲ’ ಎಂದು ಬರುತ್ತಿತ್ತು. ಎಂಟು ಸಲ ಬಂತು. ಒಂಬತ್ತನೆಯ ಸಲ ಪರದೆ ಬೆಳ್ಳಗೆ ಕೂತುಬಿಟ್ಟಿತು.

ಅವಳು ಅದನ್ನು ಆರಿಸಿದಳು. ಮತ್ತೆ ಹಚ್ಚಿ, ಬೆರಳು ಮಡಚಿ ಎಣಿಸುತ್ತ ಹುಡುಕಿದಳು. ಎಂಟು ಸರಿ, ಒಂಬತ್ತಕ್ಕೆ ನಿಂತಿತು. ಆಮೇಲೆ ತಾನೇ ಬರೆದ ಸಾಲುಗಳನ್ನು ತೆರೆದಳು. ಹೆಸರು ಸಿಕ್ಕರೆ ರಿಪೋರ್ಟು ತೋರಿಸಿ, ಕನೆಕ್ಷನ್ ಮುಚ್ಚಿ, ಹೊರಗೆ ಬರುತ್ತಿತ್ತು. ಹೆಸರು ಸಿಗದಿದ್ದರೆ ‘ಮಾಹಿತಿ ಇಲ್ಲ’ ಎಂದು ಹೇಳಿ ಅಲ್ಲಿಂದಲೇ ಹೊರಟುಬಿಡುತ್ತಿತ್ತು. ಮುಚ್ಚುವ ಸಾಲು ಅದಕ್ಕಿಂತ ಕೆಳಗಿತ್ತು. ಅಲ್ಲಿಯವರೆಗೆ ತಲುಪುತ್ತಲೇ ಇರಲಿಲ್ಲ. ಸಿಗದ ಪ್ರತಿಯೊಂದು ಹೆಸರಿಗೂ ಒಂದು ಲೋಟ ವಾಪಸು ಬಾರದೆ ಹೋಗುತ್ತಿತ್ತು.

ಹಾರನಹಳ್ಳಿಯ ಹಳೆಯ ಹುಡುಕಾಟಗಳನ್ನು ಮತ್ತೆ ತೆಗೆದಳು. ಹೋದ ಸಲ ಎಷ್ಟು ಎಂದಷ್ಟೇ ನೋಡಿದ್ದಳು, ಈಗ ಹೆಸರುಗಳನ್ನು ಓದಿದಳು. ಜವರಯ್ಯ. ಇಲ್ಲ. ಅವನ ಅಪ್ಪನದಿರಬೇಕು, ಸಣ್ಣಜವರಯ್ಯ. ಇಲ್ಲ. ಕೆಂಪಾಜಮ್ಮ. ಇಲ್ಲ. ಆಮೇಲೊಂದು ಹಳೆಯ ಹೆಸರು, ತಾತನದೋ ಮುತ್ತಾತನದೋ, ಅದಕ್ಕೆ ರಿಪೋರ್ಟು ಸಿಕ್ಕಿತ್ತು. ರೂಪಶ್ರೀಗೆ ಅರ್ಥವಾಯಿತು. ಮಣ್ಣು ಪರೀಕ್ಷೆಗೆ ಬರೆದುಕೊಂಡದ್ದು ಪಹಣಿಯಲ್ಲಿದ್ದ ಹೆಸರು. ಆ ಕಡೆಯ ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ಪಾಲಾಗಿ ಉಳುತ್ತಿದ್ದರೂ ಖಾತೆ ತೀರಿಹೋದ ತಾತನ ಹೆಸರಿನಲ್ಲೇ ಇತ್ತು. ಬಂದವನು ಮಾತ್ರ ತನ್ನ ಹೆಸರು ಹೇಳುತ್ತಾನೆ. ಮಂಗಳಗೌರಿ ಅವನನ್ನು ಕೂರಿಸಿಕೊಂಡು, ಅಪ್ಪನ ಹೆಸರು, ಅವ್ವನ ಹೆಸರು, ದೊಡ್ಡಪ್ಪನ ಹೆಸರು ಕೇಳುತ್ತ, ಸಿಗುವವರೆಗೆ ಹುಡುಕಿ, ಹಾಳೆ ಕೈಗಿಟ್ಟು ಕಳಿಸುತ್ತಿದ್ದಳು. ಚೀಟಿ ನಂಬರು ಇಲ್ಲದವರನ್ನು ಹಾಗೇ ಕಳಿಸುತ್ತಿದ್ದ ವೀರಭದ್ರಸ್ವಾಮಿಯವರ ಕೈಯಲ್ಲಿ ಸರ್ವರ್ ನಿಲ್ಲಲು ಕಾರಣವೇ ಇರಲಿಲ್ಲ.

ಅವಳು ಶಿವಶಂಕರ್ ಅವರ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಅವರು ತಲೆಯೆತ್ತಿ, “ಬಾಮ್ಮ. ನೋಡಿದ್ಯಾ, ಆಯಮ್ಮನ್ನ ಎಬ್ಬಿಸಿದ್ದೇ ಎಬ್ಬಿಸಿದ್ದು, ಒಂದು ದಿನಾನೂ ಸರ್ವರ್ ನಿಂತಿಲ್ಲ. ನಿನ್ನ ಕೆಂಪು ಗೆರೆ ಕೆಲಸ ಮಾಡ್ತು,” ಎಂದು ನಕ್ಕರು.

ರೂಪಶ್ರೀಯೂ ನಕ್ಕಳು. ಅದೇ ಅವಳಿಗೆ ಆಮೇಲೆ ತುಂಬ ಚುಚ್ಚಿದ್ದು. ಸುಮ್ಮನೆ ನಿಂತಿದ್ದರೂ ಆಗುತ್ತಿತ್ತು. ವಾಪಸು ಬಂದು, ಮುಚ್ಚುವ ಸಾಲನ್ನು ಎರಡೂ ದಾರಿಗೆ ತಾಗುವಂತೆ ಬರೆದು, ಯಾರಿಗೂ ಹೇಳದೆ ಸರ್ವರಿಗೆ ಹಾಕಿದಳು. ಡೈರಿಯಲ್ಲಿ ‘ಸರಿ ಮಾಡಿದೆ’ ಎಂದು ಬರೆದು, ಅದನ್ನು ಹೊಡೆದುಹಾಕಿದಳು.

ಹನ್ನೆರಡು ದಿನ ಹೀಗೇ ಕಳೆಯಿತು. ಹದಿಮೂರನೆಯ ದಿನ ಶಿವಶಂಕರ್ ಜೀಪು ಹತ್ತುತ್ತ, “ನೀನೂ ಬಾ. ವೀರಭದ್ರಸ್ವಾಮಿಗೆ ಹಾರನಹಳ್ಳಿ ಕೌಂಟರನ್ನ ಕಾಯಂ ಮಾಡಿ ಆರ್ಡರ್ ಕೊಟ್ಟು ಬರೋಣ. ಆಯಮ್ಮ ಇನ್ನು ಮಣ್ಣಿನ ಕೆಲಸಕ್ಕೇ ಇರಲಿ,” ಎಂದರು. ಹಾರನಹಳ್ಳಿಗೆ ಹೋಗುವ ಪಿರಿಯಾಪಟ್ಟಣದ ದಾರಿಯುದ್ದಕ್ಕೂ ಅವಳು ಒಂದು ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಳು. ಜೀಪು ನಿಂತಾಗಲೂ ಅದು ಒಳಗೇ ಇತ್ತು.

ಶಿವಶಂಕರ್ ಕೌಂಟರಿನತ್ತ ಹೋದರು. ರೂಪಶ್ರೀ ಹಿಂದಿನ ಶೆಡ್ಡಿಗೆ ನಡೆದಳು. ಮಂಗಳಗೌರಿ ಜರಡಿ ಕೆಳಗಿಟ್ಟು ಎದ್ದಳು. ಮೊಣಕೈವರೆಗೆ ಕೆಂಪು ಮಣ್ಣು.

“ಅಲ್ಲೇ ನಿಂತ್ಕೊ ತಾಯಿ, ಬಟ್ಟೆ ಮಣ್ಣಾಯ್ತದೆ. ಏನವ್ವ, ಸೊರಗೋಗಿದ್ದೀಯೆ? ಉಣ್ತೀಯೋ ಇಲ್ಲ ಮಿಷೀನ್ ಮುಂದೇನೆ ಕೂತಿರ್ತೀಯೋ?”

“ಚೆನ್ನಾಗಿದೀನಿ ಅಕ್ಕ.”

“ಒಂದು ಕೇಳ್ಲಾ? ಅದು ಈಗ ನಿಲ್ಲಾಕಿಲ್ವಂತೆ?”

“ಇಲ್ಲ.”

“ನೋಡ್ದಾ.” ಮಂಗಳಗೌರಿ ತನ್ನ ಎರಡೂ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. “ಒತ್ತಬಾರ್ದ ಗುಂಡಿ ಯಾವ್ದನ್ನ ಒತ್ತಿದ್ನೋ. ಕೂತಲ್ಲಿ ನಿಂತಲ್ಲಿ ಒಂದೊಂದೇ ಗೆಪ್ತಿ ಮಾಡ್ಕತೀನಿ, ತಿಳಿಯಾಕಿಲ್ಲ. ನೀನು ಯೋಳ್ಕೊಟ್ಟಂಗೇ ಮಾಡ್ತಿದ್ದೆ ಕಣವ್ವ, ಅಷ್ಟು ಮಾತ್ರ ಗೊತ್ತು. ಬೃಂದಾ ಇಲ್ವಾ, ನನ್ ಮಗಳು, ಕಂಪ್ಯೂಟರ್ ಕಲ್ಯಕ್ಕೆ ಪಿರಿಯಾಪಟ್ನಕ್ಕೆ ಓಯ್ತೀನಿ ಅಂತಿದ್ಲು. ಬ್ಯಾಡ ಅಂದ್ಬುಟ್ಟೆ. ನನ್ನ ಒಟ್ಟೇಲಿ ಉಟ್ದೋಳಲ್ವಾ, ಅವಳ ಕೈಯೂ ಇಂಗೇ ಇದ್ದಾತು.”

ರೂಪಶ್ರೀ “ಅಕ್ಕ...” ಎಂದಳು. ಅಷ್ಟರಲ್ಲಿ ಕೌಂಟರಿನಲ್ಲಿ ದನಿ ಏರಿತು. ಇಬ್ಬರೂ ಬಾಗಿಲಿಗೆ ಬಂದರು.

ಕಿಟಕಿಯ ಮುಂದೆ ಸಣ್ಣಯ್ಯ ಎಂಬ ವಯಸ್ಸಾದ ರೈತ ನಿಂತಿದ್ದ. ಅವನ ಹಿಂದೆ ನಾಲ್ಕೈದು ಜನ. ಒಳಗೆ ವೀರಭದ್ರಸ್ವಾಮಿ ಕೂತಿದ್ದರು. ಶಿವಶಂಕರ್ ಪಕ್ಕದ ಕುರ್ಚಿಯಲ್ಲಿ ಫೈಲು ಬಿಚ್ಚಿಕೊಂಡಿದ್ದರು.

“ನಂಬರ್ ಇಲ್ಲ ಅಂದ್ರೆ ರಿಪೋರ್ಟ್ ಇಲ್ಲ. ಹುಣಸೂರಿಗೆ ಹೋಗಿ ಕೇಳಿ,” ಎಂದರು ವೀರಭದ್ರಸ್ವಾಮಿ.

“ಇದು ಮೂರ್ನೆ ಸರ್ತಿ ಕಣ್ ಸ್ವಾಮಿ ನಾನು ಬರಾದು. ಮಂಗಳವ್ವ ಇದ್ದಾಗ ಅದೇನೋ ಮಾಡಿ ತೆಗ್ದು ಕೊಟ್ಬುಡೋಳು.”

“ಕೊಡೋರು, ಕೊಡೋರು. ಕೊಟ್ಟು ಕೊಟ್ಟೇ ಸರ್ವರ್‌ನ ಮಲಗಿಸಿದ್ರು.”

ಹಿಂದಿದ್ದವರು ನಕ್ಕರು. ಮಂಗಳಗೌರಿ ಬಾಗಿಲಿನಿಂದಲೇ, “ಚಿಕ್ಕಮಾದಯ್ಯ ಅಂತ ಆಕಿ ಸ್ವಾಮ್ಯೋರೆ. ಅವ್ರ ತಾತ. ಖಾತೆ ಇನ್ನೂ ಆ ಎಸ್ರಲ್ಲೇ ಅದೆ,” ಎಂದಳು.

“ನೀವು ಅಲ್ಲೇ ಇರಿ ಮಾರಾಯ್ತಿ. ನಿಮ್ಮ ದನಿ ಕೇಳಿದ್ರೇನೇ ಈ ಕಂಪ್ಯೂಟರ್‌ಗೆ ಚಳಿ ಜ್ವರ ಬಂದ್ಬಿಡುತ್ತೆ.”

ಮತ್ತೆ ನಗು. ಮಂಗಳಗೌರಿಯೂ ಎಲ್ಲರ ಜೊತೆ ನಕ್ಕಳು. ನಗುತ್ತಲೇ ಮಣ್ಣಿನ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಸಣ್ಣಯ್ಯ ಟವೆಲು ಕೊಡವಿ, ಬಂದ ದಾರಿಗೆ ತಿರುಗಿದ.

ಶಿವಶಂಕರ್ ಆರ್ಡರಿನ ಕೆಳಗೆ ಪೆನ್ನು ಇಟ್ಟು, “ರೂಪಶ್ರೀ, ತಾರೀಖು ಎಷ್ಟಮ್ಮ ಇವತ್ತು?” ಎಂದರು.

ಅವಳು ಬಾಯಿ ತೆರೆದಳು. ದಾರಿಯುದ್ದಕ್ಕೂ ತಿದ್ದಿಟ್ಟುಕೊಂಡಿದ್ದ ವಾಕ್ಯದಲ್ಲಿ ಒಂದು ಪದವೂ ಜ್ಞಾಪಕಕ್ಕೆ ಬರಲಿಲ್ಲ. ಹೋಗುತ್ತಿದ್ದ ಸಣ್ಣಯ್ಯನೂ ತಿರುಗಿ ನೋಡುವಷ್ಟು ಜೋರಾಗಿ, ತನ್ನದಲ್ಲದಂಥ ದನಿಯಲ್ಲಿ, ಅವಳು ಹೇಳಿದಳು:

“ಮಂಗಳಕ್ಕ ಏನೂ ಕೆಡಿಸಲಿಲ್ಲ ಸರ್. ಸರ್ವರ್ ನಿಲ್ತಾ ಇದ್ದದ್ದು ನಾನು ಬರೆದ ತಪ್ಪಿನಿಂದ.”