ತಾನೇ ಬಿಟ್ಟನೋ, ಓಡಿಸಿದರೋ

ಕೆಂಟಕಿಯ ಆ ಕಣಿವೆಯಲ್ಲಿ ಫೋನಿಗೆ ನೆಟ್ಟಗೆ ಸಿಗ್ನಲ್ ಸಿಗುವುದು ಚರ್ಚಿನ ಹಿಂದಿನ ಸ್ಮಶಾನದಲ್ಲಿ ಮಾತ್ರ. ಡಾರಿಲ್ ಕ್ರೌಡರ್ ತನ್ನ ನಿರುದ್ಯೋಗ ಭತ್ಯೆಯ ವಿಚಾರಣೆಗೆ ಅಲ್ಲೇ ಗೋರಿಗಳ ಪಕ್ಕ ಪಿಕಪ್ ನಿಲ್ಲಿಸಿಕೊಂಡು ಕೂತಿದ್ದ.

ಮೊದಲ ಪತ್ರದಲ್ಲಿ ಸರ್ಕಾರ ಚೆಂದದ ಲೆಕ್ಕ ಹಾಕಿತ್ತು. ತೀರಾ ಈಚಿನ ತಿಂಗಳುಗಳನ್ನು ಬಿಟ್ಟು, ಅದರ ಹಿಂದಿನ ಒಂದು ವರ್ಷದ ಸಂಬಳ ನೋಡಿ, ವಾರಕ್ಕೆ ಇನ್ನೂರ ಮೂವತ್ತೊಂದು ಡಾಲರ್. ಅದರ ಕೆಳಗೇ ದಪ್ಪಗೆ ಒಂದು ಸೊನ್ನೆ. ದುರ್ನಡತೆಯಿಲ್ಲದೆ ಕೆಲಸದಿಂದ ತೆಗೆದರೆ ದುಡ್ಡು, ಸುಮ್ಮನೆ ತಾನೇ ಬಿಟ್ಟರೆ ಮಣ್ಣು. ಡಾರಿಲ್ ತಾನೇ ಬಿಟ್ಟ ಎಂದು ಟಯರ್ ಅಂಗಡಿಯ ಮಾಲೀಕ ಲಮಾರ್ ಪ್ರೂಯಿಟ್ ಬರೆದುಕೊಟ್ಟಿದ್ದ. ಇತ್ತ ಬಾಡಿಗೆ ಟ್ರೇಲರ್ ಮನೆ ಖಾಲಿ ಮಾಡಲು ಶುಕ್ರವಾರದ ಗಡುವು. ಹೆಂಡತಿ ಮಿಸ್ಟಿ ಪಾತ್ರೆಗಳನ್ನು ಆಗಲೇ ಡಬ್ಬಕ್ಕೆ ತುಂಬಿದ್ದಳು.

ಫೋನ್ ಬಂತು. ಡಾರಿಲ್, ಲಮಾರ್, ವಿಚಾರಣಾಧಿಕಾರಿ, ಮೂವರೂ ಒಂದೇ ಲೈನಿನಲ್ಲಿ. ಅಧಿಕಾರಿ ಹೆಂಗಸು ಇಬ್ಬರಿಂದಲೂ ಪ್ರಮಾಣ ಮಾಡಿಸಿದಳು.

"ಮಿಸ್ಟರ್ ಕ್ರೌಡರ್, ಆ ದಿನ ನೀವು ಏನಂದ್ರಿ?"

"ನಿನ್ ಟಯರೆಲ್ಲ ನೀನೇ ತುರುಕ್ಕೋ ಅಂದೆ ಮೇಡಂ."

"ಎಲ್ಲಿಗೆ? ದಾಖಲೆಗೆ ಬೇಕು, ಪೂರ್ತಿ ಹೇಳಿ."

ಪೂರ್ತಿ ಹೇಳಿದ. ಆ ಕಡೆ ಟಕಟಕ ಟೈಪಿಂಗ್.

"ಕೇಳಿದ್ರಾ ಮೇಡಂ?" ಎಂದ ಲಮಾರ್. "ಹಂಗಂದು ಅವನೇ ಹೊರಟೋದ!"

"ಥೂ, ಸುಳ್ಳ! ನೀನು ಹೋಗು ಅಂದ್ಮೇಲೆ ತಾನೇ ನಾನು ಬೈದಿದ್ದು?" ಎಂದ ಡಾರಿಲ್.

"ನಾನಾಗೇ ಬಿಟ್ಟು ಹೋದೆ ಅಂದ್ರೆ ಊರೋರು ನಿನ್ನ ನೋಡಿ ನಗ್ತಾರೆ," ಎಂದು ಅವನೇ ಇನ್ನೂ ಚುಚ್ಚಿದ. "ಲಮಾರ್ ಕೈಲಿ ಒಬ್ಬ ಹುಡುಗನ್ನ ಇಟ್ಕೊಳ್ಳಕ್ಕಾಗಲ್ಲ ಅಂತಾರೆ!"

ಲಮಾರನಿಗೆ ಉರಿಯಿತು. "ಏಯ್, ಇಪ್ಪತ್ತಾರು ವರ್ಷದಲ್ಲಿ ನನ್ನ ಅಂಗಡಿ ಬಿಟ್ಟು ಒಬ್ಬನೂ ಹೋಗಿಲ್ಲ ಕಣೋ! ಎಲ್ಲರನ್ನೂ ನಾನೇ ಓಡಿಸಿರೋದು. ನಿನ್ನ ಕೊನೇ ಸಂಬಳದ ಚೆಕ್ ಆವತ್ತು ಬೆಳಿಗ್ಗೆನೇ ಬರೆದು ಜೇಬಲ್ಲಿ ಇಟ್ಕೊಂಡಿದ್ದೆ. ನಾಲ್ಕು ಚಕ್ರ ಹಾಕಕ್ಕೆ ನಲವತ್ತು ನಿಮಿಷ ತಗೊಳ್ತೀಯ, ಹೋಗಾಚೆ ಅಂದೆ. ಆಮೇಲೆ ಬಾಯಿ ಬಿಟ್ಟೆ ನೀನು!"

ಟೈಪಿಂಗ್ ನಿಂತಿತು.

"ಹಾಗಾದ್ರೆ ನೀವೇ ತೆಗೆದದ್ದು, ಕೆಲಸ ನಿಧಾನ ಅಂತ," ಎಂದಳು ಅಧಿಕಾರಿ. "ಬೈಗುಳ ಬಂದಿದ್ದು ಆಮೇಲೆ."

"ಹೌದು... ಅಲ್ಲ, ಅಂದ್ರೆ..."

"ಪ್ರಮಾಣ ಮಾಡಿ ಹೇಳಿದ್ದೀರಿ. ಕೈ ನಿಧಾನ ಅನ್ನೋದು ಕಾನೂನಲ್ಲಿ ದುರ್ನಡತೆ ಅಲ್ಲ. ಭತ್ಯೆ ಸಿಗುತ್ತೆ, ಆದೇಶ ಪೋಸ್ಟಲ್ಲಿ ಬರುತ್ತೆ. ಮಿಸ್ಟರ್ ಕ್ರೌಡರ್, ಇನ್ನೇನಾದ್ರೂ ಹೇಳೋದಿದೆಯಾ?"

ಡಾರಿಲನ ನಾಲಿಗೆಯ ತುದಿಯಲ್ಲಿ ಲಮಾರನ ಮೂರು ತಲೆಮಾರು ಕುಣಿಯುತ್ತಿತ್ತು. ಹಲ್ಲು ಕಚ್ಚಿ ನುಂಗಿಕೊಂಡ.

"ಇಲ್ಲ ಮೇಡಂ. ಮಿಸ್ಟರ್ ಪ್ರೂಯಿಟ್ ಬಹಳ ಚೆನ್ನಾಗಿ ಹೇಳಿದ್ರು."