ಬಲಕ್ಕೆ ಹೋದ ನದಿ

ನಮ್ಮ ದೇಶದ ಬೆಟ್ಟ, ನದಿ, ಕಣಿವೆಗಳ ಸಾಕ್ಷ್ಯಚಿತ್ರ ಅಂದು ಸಂಜೆ ಟೀವಿಯವರ ಕೈಸೇರಬೇಕಿತ್ತು. ಸಂಕಲನಕಾರ ಎಂದು ತೆರೆಯ ಮೇಲೆ ನನ್ನ ಹೆಸರು ಬರುತ್ತಿದ್ದದ್ದು ಅದೇ ಮೊದಲು. ಸಂಕಲನದ ಕೋಣೆಗೆ ಊಟದ ಡಬ್ಬಿ ತಂದ ಸೋದರತ್ತೆಗೆ, ಸ್ವಲ್ಪ ಜಂಬ ಕೊಚ್ಚಿಕೊಳ್ಳೋಣವೆಂದೇ, ಮೊದಲ ದೃಶ್ಯ ಹಾಕಿ ತೋರಿಸಿದೆ. ಅತ್ತೆ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವಳು.

"ಈ ಘಾಟಿ ನಂಗೊತ್ತು ಕಣೋ. ಹತ್ತುವಾಗ ನದಿ ಎಡಗಡೆ ಇರುತ್ತೆ. ಬಲಕ್ಕೆ ಯಾವಾಗ ಹೋಯ್ತು?"

"ನಾನೇ ಕಳಿಸ್ದೆ ಅತ್ತೆ," ಎಂದೆ. ಮುಂದಿನ ದೃಶ್ಯದೊಡನೆ ಹೊಂದಲೆಂದು ಇದನ್ನು ಕನ್ನಡಿಯಲ್ಲಿ ಕಂಡಂತೆ ಅದಲುಬದಲು ಮಾಡಿದ್ದೆ. ಖಾಲಿ ರಸ್ತೆ, ಯಾರಿಗೆ ಗೊತ್ತಾದೀತು ಎಂಬ ಧೈರ್ಯ.

ಬಾಗಿಲಲ್ಲಿ ನಿರ್ದೇಶಕರು ನಿಂತಿದ್ದರು. ಬೆನ್ನ ಹಿಂದೆ ನಾವೆಲ್ಲ ಅವರನ್ನು 'ಗುಡುಗು' ಎನ್ನುತ್ತೇವೆ.

"ಈ ಚಿತ್ರಕ್ಕಾಗಿ ನಾನೊಂದು ಕಲ್ಲನ್ನೂ ಅಲ್ಲಾಡಿಸಿಲ್ಲ. ನೀನು ನದೀನೇ ಎತ್ತಿಟ್ಯಾ? ನಿನ್ನ ಹೆಸರು ತೆಗೆದುಬಿಡು!"

ತಪ್ಪು ನನ್ನದೇ; ಹೆಸರುಗಳ ಪಟ್ಟಿ ತೆರೆಯಲು ಹೊರಟೆ.

ಅತ್ತೆಗೆ ಗುಡುಗು ಕೇಳಿಸಿದಂತೆಯೇ ಕಾಣಲಿಲ್ಲ. ಕುರ್ಚಿ ಮುಂದಕ್ಕೆಳೆದುಕೊಂಡು, "ಅದಿರ್ಲಿ, ಮುಂದಕ್ಕೆ ಹಾಕು. ಇನ್ನೇನೇನು ಜಾಗ ಬಿಟ್ಟಿದೆಯೋ ನೋಡೋಣ," ಎಂದಳು. ನನಗೂ ಕುತೂಹಲ ಹತ್ತಿಕೊಂಡಿತು. ಒಂದೊಂದು ತಿರುವು ಬಂದಾಗಲೂ ಅತ್ತೆ ಸರಿ ಎಂಬಂತೆ ತಲೆಯಾಡಿಸುತ್ತಾ ಹೋದಳು. ಕೊನೆಯ ದೃಶ್ಯ ಬಂತು. ಕೆಂಪು ಕಣಿವೆ, ಹಿನ್ನೆಲೆಯಲ್ಲಿ ನಿರ್ದೇಶಕರದೇ ದನಿ: "ಇದು ನಮ್ಮ ಮಣ್ಣು."

"ನಿಲ್ಸು! ಆ ಲಾರಿ ರಸ್ತೆಯ ಯಾವ ಬದೀಲಿ ಹೋಗ್ತಿದೆ? ನಮ್ಮಲ್ಲಿ ಹಾಗೆ ಓಡಿಸಿದ್ರೆ ಲೈಸೆನ್ಸ್ ಕಿತ್ಕೊತಾರೆ."

ಇರುವೆಯಷ್ಟು ಲಾರಿ, ನಿಜಕ್ಕೂ ತಪ್ಪು ಬದಿಯಲ್ಲಿತ್ತು. "ಇದನ್ನ ನಾನು ಮುಟ್ಟಿಲ್ಲ, ದೇವರಾಣೆ," ಎಂದೆ. ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ರಸ್ತೆಯಂಚಿನ ಫಲಕ ನೋಡಿದೆ. ಅಕ್ಷರಗಳು ತಿರುವುಮುರುವಾಗಿರಲಿಲ್ಲ. ನಮ್ಮ ಅಕ್ಷರಗಳೂ ಆಗಿರಲಿಲ್ಲ.

ನಿರ್ದೇಶಕರು ಮೆಲ್ಲಗೆ ಕುಳಿತರು. "ನಮ್ಮ ಕಣಿವೇಲಿ ಹತ್ತು ದಿನ ಮಂಜು ಸರೀಲಿಲ್ಲ. ಕಾದು ಸಾಕಾಗಿ, ಬೇರೆ ಯಾರೋ ತೆಗೆದಿದ್ದ ಇದನ್ನ ಕೊಂಡುತಂದೆ."

"ಯಾವ ದೇಶದ್ದು?" ಅತ್ತೆ ಆಸೆಯಿಂದಲೇ ಕೇಳಿದಳು. ರಸ್ತೆ ಅವಳಿಗೆ ಹಿಡಿಸಿತ್ತು.

"ಕೇಳ್ಲಿಲ್ಲಮ್ಮ."

ಅವರು ನನ್ನತ್ತ ತಿರುಗಿ, "ಅದನ್ನ ಕತ್ತರಿಸು. ನದೀನ ಅದರ ಜಾಗಕ್ಕೆ ತಾ," ಎಂದರು.

"ಸರ್, ನನ್ನ ಹೆಸರು?"

"ಯಾವ ಮುಖ ಇಟ್ಕೊಂಡು ತೆಗೀ ಅನ್ಲಿ?"