ಅಮೀನಪ್ಪನ ಮೂರು ಬೆರಳು

ಹುನಗುಂದದ ಕುರಿ ಸಂತೆಯಲ್ಲಿ ಸೋಮಲಿಂಗ ಒಬ್ಬ ದಲ್ಲಾಳಿಯನ್ನು ಎತ್ತಿ ಕೆಡವಿದ ದಿನವೇ ಅವನಿಗೆ ಇಳಕಲ್ಲಿನಲ್ಲಿ ಕೆಲಸ ಸಿಕ್ಕಿತು. ದಲ್ಲಾಳಿ ಆಡಿದ್ದು ಒಂದೇ ಮಾತು. ಟಗರಿನ ಬೆಲೆ ಇಳಿಸುತ್ತ, “ಟಗರೂ ಕುಂಟ, ಮಾಲಕನೂ ಕುಂಟ” ಎಂದು ನಕ್ಕಿದ್ದ. ಐದು ವರ್ಷದ ಹಿಂದೆ ಕಮತಗಿಯ ಕುಸ್ತಿ ಕಣದಲ್ಲಿ ಸೊಂಟ ಮುರಿದುಕೊಂಡಂದಿನಿಂದ ಸೋಮಲಿಂಗ ಎಡಗಾಲು ಎಳೆದು ನಡೆಯುತ್ತಿದ್ದ. ಆದರೆ ತೋಳಿಗೆ ಏನೂ ಆಗಿರಲಿಲ್ಲ. ನೆಲಕ್ಕೆ ಬಿದ್ದ ದಲ್ಲಾಳಿಯ ಎದೆಯ ಮೇಲೆ ಮೊಣಕಾಲೂರಿ, ಬಾಯಲ್ಲಿ ರಕ್ತ ಬರುವವರೆಗೂ ಗುದ್ದಿದ. ಬಿಡಿಸಲು ಬಂದವರಲ್ಲಿ ಇಬ್ಬರು ಮೂಗು ಒಡೆಸಿಕೊಂಡು ಹಿಂದೆ ಸರಿದರು.

ಮೋಟರ್ ಸೈಕಲ್ಲಿಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದವನು ಶಿವಪುತ್ರ. ಇಳಕಲ್ಲಿನಲ್ಲಿ ಎಂಟು ಪವರ್‌ಲೂಮ್ ಇಟ್ಟಿದ್ದ ಸಾಹುಕಾರ. ಜನ ಚದುರಿದ ಮೇಲೆ ಹತ್ತಿರ ಬಂದ.

“ಪೈಲ್ವಾನ, ಕೆಲಸ ಮಾಡ್ತಿಯೇನು?”

“ಎಂಥಾದ್ದು?”

“ಬಾಗಲದಾಗ ಕುಂದ್ರೂದು. ಒಳಗಿನವ್ರು ಹೊರಗ ಹೋಗಿ ಬಾಯಿ ಬಿಡಬಾರದು. ಬಿಟ್ರ, ಈಗ ಮಾಡಿದಿ ನೋಡು, ಅದನ್ನ ಮಾಡೂದು.”

ಅದು ಎರಡು ಸಾವಿರದ ಏಳನೆಯ ಇಸವಿ. ಶಿವಪುತ್ರನ ಮಗ್ಗಗಳ ಶೆಡ್ಡಿನ ಮೇಲೆ ಒಂದು ಉದ್ದನೆಯ ಕೋಣೆಯಿತ್ತು. ಅಲ್ಲಿ ಗೋಡೆಗುಂಟ ಹನ್ನೆರಡು ಕಂಪ್ಯೂಟರ್. ಮುಂಜಾನೆ ಎಂಟರಿಂದ ಸಂಜೆ ಆರರವರೆಗೆ ಹನ್ನೆರಡು ಜನ ಕೂತು ಮೌಸ್ ಒತ್ತುತ್ತಿದ್ದರು. ಹೆಚ್ಚಿನವರು ಮಗ್ಗ ಬಿಟ್ಟು ಬಂದ ನೇಕಾರರು. ಅವರಲ್ಲಿ ಕಂಪ್ಯೂಟರ್ ಓದಿದವಳೆಂದರೆ ಶ್ರುತಿ ಒಬ್ಬಳೇ. ಇಪ್ಪತ್ತೆರಡರ ಹುಡುಗಿ. ಇಂಗ್ಲಿಷ್ ಪತ್ರ ಬಂದರೆ ಶಿವಪುತ್ರನಿಗೆ ಓದಿ ಹೇಳುವವಳೂ ಅವಳೇ.

ತಾನು ಕಾಯುತ್ತಿರುವುದು ಏನನ್ನು ಎಂದು ಸೋಮಲಿಂಗನಿಗೆ ವಾರವಾದರೂ ತಿಳಿಯಲಿಲ್ಲ. ಕೊನೆಗೆ ಶ್ರುತಿಯನ್ನೇ ಕೇಳಿದ.

“ಕಾಕಾ, ಅಂಗಡಿಯವ್ರು ಇಂಟರ್ನೆಟ್ಟಿನಾಗ ಜಾಹೀರಾತು ಹಾಕ್ತಾರ,” ಎಂದಳು ಅವಳು. “ಯಾರರ ಅದನ್ನ ಒತ್ತಿದ್ರ, ಗಿರಾಕಿ ಬಂದ ಅಂತ ತಿಳದು ಜಾಹೀರಾತು ಕಂಪನಿಗೆ ರೊಕ್ಕ ಕೊಡ್ತಾರ. ಆ ಜಾಹೀರಾತು ಯಾರ ಪುಟದಾಗ ಐತಿ, ಅವಂಗೂ ಅದರಾಗ ಪಾಲು. ಪುಟ ಸಾಹುಕಾರಂದು. ಒತ್ತವ್ರು ನಾವು.”

“ಮತ್ತ ಗಿರಾಕಿ?”

“ಗಿರಾಕಿ ಇಲ್ಲ.”

ಸೋಮಲಿಂಗನಿಗೆ ಅಷ್ಟು ಸಾಕಾಯಿತು. ಸಂತೆಯಲ್ಲಿ ಸುಳ್ಳು ಗಿರಾಕಿಯನ್ನು ನಿಲ್ಲಿಸಿ ವ್ಯಾಪಾರ ಮಾಡುವವರನ್ನು ಅವನು ಕಂಡಿದ್ದ. ಇದೂ ಅಂಥದೇ, ಕುರಿ ಮಾತ್ರ ಕಾಣುವುದಿಲ್ಲ ಅಂದುಕೊಂಡ.

ಎರಡನೆಯ ತಿಂಗಳಲ್ಲಿ ಕನಕಪ್ಪನೆಂಬವನು ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೂತು, ‘ನಾವು ಬರೇ ಒತ್ತತೇವಿ, ಅಮೇರಿಕಾದವ್ರು ರೊಕ್ಕ ಕಳಸ್ತಾರ’ ಎಂದು ಹೇಳಿಕೊಂಡ ಸುದ್ದಿ ಶಿವಪುತ್ರನಿಗೆ ಮುಟ್ಟಿತು. ಸೋಮಲಿಂಗ ಅದೇ ಅಂಗಡಿಗೆ ಹೋಗಿ ಕನಕಪ್ಪನ ಕುತ್ತಿಗೆ ಹಿಡಿದು ಹೊರಗೆಳೆದ. ಕಟ್ಟೆಯ ಕಲ್ಲಿಗೆ ಮುಖ ಬಡಿದಾಗ ಮುಂದಿನ ಎರಡು ಹಲ್ಲು ಉದುರಿದವು. ಚಹಾ ಕುಡಿಯುತ್ತಿದ್ದವರು ಬಟ್ಟಲು ಹಿಡಿದುಕೊಂಡೇ ನೋಡುತ್ತ ನಿಂತರು. ಮನೆಗೆ ಬಂದಾಗ ಅಂಗಿಯ ತೋಳಿನ ರಕ್ತ ಕಂಡು ಹೆಂಡತಿ ಸತ್ಯವ್ವ, “ಯಾರದಿದು?” ಎಂದು ಕೇಳಿದಳು. ಅವನು ಅವಳಿಗೂ ಒಂದು ಬಾರಿಸಿದ. ಅವಳು ಮತ್ತೆ ಕೇಳಲಿಲ್ಲ. ಅಂಗಿಯನ್ನೂ ಒಗೆಯಲಿಲ್ಲ.

ಆ ಹನ್ನೆರಡು ಜನರಲ್ಲಿ ಎಲ್ಲರಿಗಿಂತ ಬೇಗ ಒತ್ತುವವನು ಅಮೀನಪ್ಪ. ಐವತ್ತು ದಾಟಿದ ನೇಕಾರ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಬೇಕು. ಸಾವಿರಾರು ಎಳೆ, ಒಂದೂ ತಪ್ಪಬಾರದು. ಓಣಿಯಲ್ಲಿ ಆ ಕೆಲಸಕ್ಕೆ ಅಮೀನಪ್ಪನನ್ನೇ ಕರೆಯುತ್ತಿದ್ದರು. ಕೈಮಗ್ಗದ ಕೆಲಸ ಕಡಿಮೆಯಾಗಿ ಇಲ್ಲಿಗೆ ಬಂದಿದ್ದ. ಅವನ ಬೆರಳು ಮೌಸಿನ ಮೇಲೆ ಆಡುವುದನ್ನು ಸೋಮಲಿಂಗ ಬಾಗಿಲಲ್ಲಿ ಕೂತು ಎಷ್ಟೋ ಸಲ ನೋಡಿದ್ದ.

ಒಂದು ದಿನ ಅಮೀನಪ್ಪ ಕೈ ನಿಲ್ಲಿಸಿದ. ಪರದೆಯ ಮೇಲೆ ಒಂದು ಇಳಕಲ್ ಸೀರೆಯ ಜಾಹೀರಾತು ಬಂದಿತ್ತು. ಹುಬ್ಬಳ್ಳಿಯ ಯಾವುದೋ ಸಣ್ಣ ಅಂಗಡಿಯದು. ಶ್ರುತಿ ಓದಿ ಹೇಳಿದ ಮೇಲೆ ಅವನು ಮೌಸಿನಿಂದ ಕೈ ತೆಗೆದ.

“ಯಾಕ, ಏನಾತು?” ಎಂದ ಶಿವಪುತ್ರ.

“ಇದೊಂದು ಬ್ಯಾಡ್ರಿ ಸಾಹುಕಾರ. ನಾವು ಒತ್ತಿದಂಗ ಅವರ ರೊಕ್ಕ ಸುಮ್ಮನ ಹೋಗ್ತೈತಂತ. ಬ್ಯಾರೇದೆಲ್ಲಾ ಒತ್ತತೇನಿ. ಸೀರಿ ಮಾರಾವ್ನ ಹೊಟ್ಟಿ ಮ್ಯಾಲೆ ಹೊಡಿಯೂದು ನನ್ನ ಕಡಿಂದ ಆಗೂದಿಲ್ಲ.”

ಶಿವಪುತ್ರ ಆಗ ನಕ್ಕು ಸುಮ್ಮನಾದ. ಸೋಮಲಿಂಗನಿಗೆ ಆ ನಗು ಸೇರಲಿಲ್ಲ, ಆದರೆ ಅದು ತನ್ನ ಕೆಲಸವಲ್ಲ.

ದೀಪಾವಳಿ ಮುಗಿದ ಮೂರನೆಯ ದಿನ ಜಾಹೀರಾತು ಕಂಪನಿ ಶಿವಪುತ್ರನ ಖಾತೆಯನ್ನು ಮುಚ್ಚಿತು. ಬರಬೇಕಾದ ಹಣ ನಿಂತುಹೋಯಿತು. ಕೋಣೆಯಲ್ಲಿ ಗುಸುಗುಸು ಎದ್ದಿತು. ಎರಡು ತಿಂಗಳ ಪಗಾರ ಯಾರಿಗೂ ಸಿಕ್ಕಿರಲಿಲ್ಲ. ಎಲ್ಲರೂ ಸೇರಿ ಕೇಳೋಣವೆಂದು ಮಾತಾಡಿಕೊಂಡಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಶಿವಪುತ್ರ ಎಲ್ಲರ ಮುಂದೆ ನಿಂತು, “ನಮ್ಮೊಳಗ ಒಬ್ಬ ಕಂಪನಿಗೆ ಚಾಡಿ ಹೇಳ್ಯಾನ. ಯಾರಂತ ನಂಗ ಗೊತ್ತೈತಿ” ಎಂದು, ಅಮೀನಪ್ಪನನ್ನು ಕೆಳಗೆ ಕರೆದ. ಸೋಮಲಿಂಗನಿಗೂ ಬಾ ಎಂದು ಕಣ್ಣು ಮಾಡಿದ.

ಕೆಳಗೆ ಎಂಟೂ ಮಗ್ಗ ಓಡುತ್ತಿದ್ದವು. ಆ ಗದ್ದಲದಲ್ಲಿ ಕಿವಿಯ ಹತ್ತಿರ ಬಂದು ಕೂಗಿದರಷ್ಟೇ ಮಾತು ಕೇಳುತ್ತಿತ್ತು. ಶಿವಪುತ್ರ ಅಮೀನಪ್ಪನ ಬಲಗೈ ಹಿಡಿದು ಕಟ್ಟಿಗೆಯ ತೊಲೆಯ ಮೇಲಿಟ್ಟ.

“ಹೇಳು, ಯಾರಿಗೆ ಬರದಿ?”

“ನಂಗ ಬರಿಯಾಕ ಬರೂದಿಲ್ರಿ.”

“ಒಂದು,” ಎಂದ ಶಿವಪುತ್ರ, ಸೋಮಲಿಂಗನ ಕಡೆ ನೋಡಿ.

ಬೆರಳು ಮುರಿಯುವುದು ಸೋಮಲಿಂಗನಿಗೆ ಗೊತ್ತಿತ್ತು. ಕುಸ್ತಿ ಕಣದಲ್ಲಿ ತೀರ್ಪು ಕೊಡುವ ಪಂಚರ ಕಣ್ಣು ತಪ್ಪಿಸಿ ಮಾಡುವ ವಿದ್ಯೆ ಅದು. ಬುಡ ಹಿಡಿದು, ತುದಿಯನ್ನು ಹಿಂದಕ್ಕೆ ಒತ್ತಿ ಒಂದು ಬದಿಗೆ ತಿರುವಬೇಕು. ಅವನು ತಿರುವಿದ. ಮಗ್ಗದ ಸದ್ದಿನಲ್ಲೂ ಆ ಸಣ್ಣ ಸದ್ದು ಅವನಿಗೆ ತನ್ನ ಕೈಯೊಳಗಿಂದಲೇ ಕೇಳಿತು. ಅಮೀನಪ್ಪನ ಬಾಯಿ ತೆರೆದೇ ಇತ್ತು, ಏನು ಕೂಗಿದನೋ ತಿಳಿಯಲಿಲ್ಲ. ಮೊಣಕಾಲು ಕುಸಿದು ಕೂತ.

“ಯಾರಿಗೆ ಹೇಳಿದಿ?”

ಯಾರಿಗೂ ಇಲ್ಲವೆಂದು ಅಮೀನಪ್ಪ ತಲೆಯಾಡಿಸಿದ.

“ಎರಡು.”

ಮೂರನೆಯದಕ್ಕೆ ಶಿವಪುತ್ರ ಪ್ರಶ್ನೆಯನ್ನೇ ಕೇಳಲಿಲ್ಲ. ಸುಮ್ಮನೆ ಎಣಿಸಿದ. ಅಮೀನಪ್ಪ ತೊಲೆಯ ಬುಡದಲ್ಲಿ ವಾಂತಿ ಮಾಡಿಕೊಂಡ. ಮೆಟ್ಟಿಲ ಮೇಲೆ ಹನ್ನೊಂದು ಜನ ನಿಂತು ನೋಡುತ್ತಿದ್ದರು. ಪಗಾರದ ಮಾತನ್ನು ಅಂದು ಯಾರೂ ಎತ್ತಲಿಲ್ಲ. ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು.

ಸೋಮಲಿಂಗ ಕೋಣೆಯ ಬಾಗಿಲು ಹಾಕಲು ಮೇಲೆ ಹೋದಾಗ ಅಲ್ಲಿ ಉಳಿದವಳು ಶ್ರುತಿ ಒಬ್ಬಳೇ. ಅವಳ ಮುಖ ಬಿಳಿಚಿಕೊಂಡಿತ್ತು.

“ಕಾಕಾ, ಚಾಡಿ ಯಾರೂ ಹೇಳಿಲ್ಲ.”

“ಮತ್ತ ಅವರಿಗೆ ಹೆಂಗ ತಿಳೀತು?”

“ಪತ್ರ ನಾನ ಓದೇನಿ. ಒಂದ ಮನಿಯಿಂದ, ಒಂದ ಲೈನಿನಿಂದ, ದಿನಾ ಮುಂಜಾನಿ ಎಂಟರಿಂದ ಸಂಜಿ ಆರರ ತನಕ ಒತ್ತಾಕ ಹತ್ಯಾರ, ಒಬ್ಬರೂ ಒಂದೂ ಸಾಮಾನು ಕೊಂಡಿಲ್ಲ ಅಂತ ಬರದಾರ. ಅದು ಅವರ ಮಷೀನಿಗೇ ತಿಳೀತೈತಿ.”

“ಸಾಹುಕಾರಂಗ ಇದನ್ನ ಹೇಳಿಯೇನು?”

“ಮುಂಜಾನಿನ ಓದಿ ಹೇಳೇನಿ. ಎರಡ ಸಲ.”

ಸೋಮಲಿಂಗ ಮೆಟ್ಟಿಲಿಳಿದ. ಅವನ ಬದುಕಿನಲ್ಲಿ ಅವನು ಹೊಡೆದವರು ಬಹಳ ಜನ. ಪ್ರತಿಯೊಬ್ಬನೂ ಏನೋ ಮಾಡಿದ್ದ, ಇಲ್ಲವೇ ಏನೋ ಆಡಿದ್ದ. ಏನೂ ಮಾಡದವನ ಮೇಲೆ ಕೈ ಮಾಡಿದೆನೆಂದು ಇದುವರೆಗೆ ಅನ್ನಿಸಿರಲಿಲ್ಲ. ಸತ್ಯವ್ವನ ಮುಖ ಯಾಕೋ ಕಣ್ಣ ಮುಂದೆ ಬಂತು.

ಹರೆಯದಲ್ಲಿ ಅವನು ಅಡವಿಯಲ್ಲಿ ಕುರಿ ಕಾದವನು. ಕುರಿಯ ಕಾಲು ಮುರಿದರೆ ಬಿದಿರಿನ ಸೀಳು ಕಟ್ಟಿ ಕೂಡಿಸುವುದು ಅವನಿಗೆ ತಿಳಿದಿತ್ತು. ಮರುದಿನ ಮುಂಜಾನೆ ನಾಲ್ಕು ಸೀಳು, ಒಂದು ಹಿಡಿ ಅರಿವೆಯ ಪಟ್ಟಿ ಹಿಡಿದುಕೊಂಡು ನೇಕಾರರ ಓಣಿಗೆ ಹೋದ. ಅಮೀನಪ್ಪನ ಹೆಂಡತಿ ಶಿವಲಿಂಗವ್ವ ಅಂಗಳದಲ್ಲಿ ನೂಲಿಗೆ ಹಚ್ಚುವ ಗಂಜಿ ಕುದಿಸುತ್ತಿದ್ದಳು. ಬಾಗಿಲಲ್ಲಿ ನಿಂತವನ ಕುಂಟು ಕಾಲನ್ನು ನೋಡಿಯೇ ಯಾರೆಂದು ತಿಳಿದಳು.

“ಯಾಕ ಬಂದಿ? ಇನ್ನ ಎಡಗೈ ಉಳದೈತಂತನ?”

“ಇಲ್ಲವ್ವಾ. ಎಲುವು ಕೂಡಸ್ತೇನಿ. ನಂಗ ಬರ್ತೈತಿ.”

ಅವಳು ಎದ್ದು, ಪಾತ್ರೆಯ ಎರಡು ಕಿವಿಗೂ ಸೆರಗು ಸುತ್ತಿ ಹಿಡಿದು, ಕುದಿಯುವ ಗಂಜಿಯನ್ನು ಅವನ ಎದೆಗೆ ಎರಚಿದಳು. ಕುತ್ತಿಗೆಯಿಂದ ಹೊಟ್ಟೆಯವರೆಗೆ ಅಂಗಿ ಚರ್ಮಕ್ಕೆ ಅಂಟಿತು. ಸೋಮಲಿಂಗ ಗೋಡೆ ಹಿಡಿದು ನಿಂತ. ಅವಳ ಮೇಲೆ ಕೈ ಏಳಲಿಲ್ಲ. ಬಿದಿರಿನ ಸೀಳುಗಳನ್ನು ಹೊಸ್ತಿಲ ಮೇಲಿಟ್ಟು ತಿರುಗಿದ. ಶಿವಲಿಂಗವ್ವ ಅವನ್ನು ಕಾಲಿನಿಂದ ಗಟಾರಕ್ಕೆ ತಳ್ಳಿದ್ದು ಅವನಿಗೆ ಕೇಳಿಸಿತು.

ಅಲ್ಲಿಂದ ನೆಟ್ಟಗೆ ಶೆಡ್ಡಿಗೆ ಬಂದ. ಶಿವಪುತ್ರ ಕುರ್ಚಿಯಲ್ಲಿ ಕೂತು ಭಾವಮೈದುನನ ಜೊತೆ ಮಾತಾಡುತ್ತಿದ್ದ. ಗಂಜಿ ಒಣಗಿದ ಅಂಗಿ, ಎದ್ದ ಬೊಬ್ಬೆ ನೋಡಿ, “ಏನಲೇ ಇದು?” ಎಂದ.

“ಚಾಡಿ ಯಾರೂ ಹೇಳಿಲ್ಲಂತ. ನಿನಗ ಗೊತ್ತಿತ್ತಂತ.”

“ಗೊತ್ತಿತ್ತು.”

“ಮತ್ತ ಅವನ ಬೆರಳು?”

ಶಿವಪುತ್ರನಿಗೆ ಮುಚ್ಚಿಡಬೇಕೆಂದೂ ಅನ್ನಿಸಲಿಲ್ಲ. “ಹನ್ನೆರಡು ಮಂದಿ ಪಗಾರ ಕೇಳಾಕ ಬರಾವ್ರಿದ್ರು. ಒಬ್ಬನ್ನ ಮುರದ್ರ ಹನ್ನೊಂದು ಮಂದಿ ಸುಮ್ಮ ಆಗ್ತಾರ. ಆದ್ರು ಇಲ್ಲೋ? ನಿನಗ್ಯಾಕ ಅದು? ನಿಂಗ ಕೊಡೂದು ಕೊಡ್ತೇನಿ.”

ಸೋಮಲಿಂಗ ಅವನ ಬಲಗೈ ಹಿಡಿದ. ಎಣಿಸಲಿಲ್ಲ. ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕುರ್ಚಿಯ ಕಬ್ಬಿಣದ ತೋಳಿಗೆ ಬಡಿದ. ಒಮ್ಮೆಗೆ ಮುರಿಯಲಿಲ್ಲ, ಎರಡನೆಯದಕ್ಕೆ ಮುರಿಯಿತು. ಶಿವಪುತ್ರ ಕಿರುಚಿ ಕಚ್ಚಲು ಬಂದ. ಸೋಮಲಿಂಗ ತಲೆಯಿಂದ ಅವನ ದವಡೆಗೆ ಗುದ್ದಿದ. ಕುರ್ಚಿ ಸಮೇತ ಇಬ್ಬರೂ ಉರುಳಿದರು. ಅಷ್ಟರಲ್ಲಿ ಭಾವಮೈದುನ ಮೂಲೆಯಲ್ಲಿದ್ದ ಕಬ್ಬಿಣದ ಸರಳು ಎತ್ತಿಕೊಂಡಿದ್ದ. ಮೊದಲ ಪೆಟ್ಟು ಬೆನ್ನಿಗೆ, ಎರಡನೆಯದು ಎಡಗಣ್ಣಿನ ಮೇಲೆ. ಸೋಮಲಿಂಗನಿಗೆ ಅರ್ಧ ಶೆಡ್ಡು ಕತ್ತಲಾಯಿತು. ಆದರೂ ಶಿವಪುತ್ರನ ಕುತ್ತಿಗೆ ಬಿಡಲಿಲ್ಲ. ಮಗ್ಗದ ಕೆಲಸದವರು ನಾಲ್ಕೈದು ಜನ ಸೇರಿ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕಟ್ಟಿಹಾಕಿ, ಪೊಲೀಸರು ಬರುವವರೆಗೂ ಒದ್ದರು.

ಪೊಲೀಸ್ ಠಾಣೆಯಲ್ಲಿ ಸಾಹೇಬರಿಗೆ ದೊಡ್ಡ ತೊಡಕಾಯಿತು. ಹೊಡೆದದ್ದಕ್ಕೆ ಕಲಂ ಇತ್ತು, ಕೈ ಮುರಿದದ್ದಕ್ಕೆ ಇತ್ತು. ಒತ್ತಿದ್ದಕ್ಕೆ ಯಾವುದೂ ತೋಚಲಿಲ್ಲ.

“ಮ್ಯಾಲಿನ ಕೋಣ್ಯಾಗ ಏನ್ ಮಾಡ್ತಿದ್ರು?”

“ಒತ್ತತಿದ್ರುರಿ,” ಎಂದ ಸೋಮಲಿಂಗ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು.

“ಏನನ್ನ?”

“ಮೌಸ್ರಿ.”

“ಅದು ಅಪರಾಧ ಹೆಂಗಾಗ್ತೈತಿ?” ಎಂದು ಸಾಹೇಬರು ಕಾಗದದ ಮೇಲೆ ‘ಕಂಪ್ಯೂಟರ್ ಕ್ಲಾಸು’ ಎಂದು ಬರೆದುಕೊಂಡರು.

ಆಗ ಸೋಮಲಿಂಗ ಇನ್ನೊಂದು ಬರೆದುಕೊಳ್ಳಿರಿ ಎಂದ. ನೇಕಾರ ಅಮೀನಪ್ಪನ ಬಲಗೈಯ ಮೂರು ಬೆರಳು ಮುರಿದವನು ನಾನು, ಎಣಿಸಿದವನು ಶಿವಪುತ್ರ ಎಂದು ಹೇಳಿದ. ಅದರ ಬಗ್ಗೆ ದೂರು ಬಂದಿಲ್ಲ ಎಂದರು ಸಾಹೇಬರು. ಹೆದರಿಕೆಗೆ ಅಮೀನಪ್ಪ ಮೆಟ್ಟಿಲಿಂದ ಬಿದ್ದೆನೆಂದು ದವಾಖಾನೆಯಲ್ಲಿ ಬರೆಸಿದ್ದ. ಸೋಮಲಿಂಗ ಪಟ್ಟು ಬಿಡಲಿಲ್ಲ. ಅದನ್ನು ಬರೆಯುವವರೆಗೂ ಹೆಬ್ಬೆಟ್ಟು ಒತ್ತುವುದಿಲ್ಲವೆಂದು ಎರಡು ದಿನ ಕೂತ. ಆ ಎರಡು ದಿನವೂ ಪೆಟ್ಟು ತಿಂದ. ಮೂರನೆಯ ದಿನ ಬರೆದುಕೊಂಡರು.

ಹುನಗುಂದದ ಕೋರ್ಟಿನಲ್ಲಿ ಅಮೀನಪ್ಪ ಸಾಕ್ಷಿ ಹೇಳಲು ಬಂದ. ಬರುವುದಿಲ್ಲವೆಂದು ಎಲ್ಲರೂ ಅಂದುಕೊಂಡಿದ್ದರು. ಜೊತೆಗೆ ಶಿವಲಿಂಗವ್ವ ಇದ್ದಳು, ಶ್ರುತಿ ಇದ್ದಳು. ಮೂರು ಬೆರಳು ಸೊಟ್ಟಗೆ ಕೂಡಿಕೊಂಡಿದ್ದವು.

“ಯಾರು ಮಾಡಿದ್ದು?” ಎಂದು ಕೇಳಿದರು ವಕೀಲರು.

“ಮುರದಾವ ಇವ,” ಎಂದು ಸೋಮಲಿಂಗನನ್ನು ತೋರಿಸಿದ. “ಎಣಿಸಿದಾವ ಅವ,” ಎಂದು ಶಿವಪುತ್ರನನ್ನು ತೋರಿಸಿದ.

“ಸೋಮಲಿಂಗನೇ ಒಪ್ಪಿಕೊಂಡಿದ್ದಾನೆ. ನೀವು ಅವನನ್ನು ಕ್ಷಮಿಸಿದ್ದೀರೇನು?”

“ಇಲ್ರಿ. ಅದನ್ನ ಹೇಳಾಕ ನಾ ಬಂದಿಲ್ಲ.”

ಸೋಮಲಿಂಗನಿಗೆ ಎರಡು ವರ್ಷ ಜೈಲಾಯಿತು, ಶಿವಪುತ್ರನಿಗೆ ಒಂದು. ತೀರ್ಪಿನಲ್ಲಿ ಜಾಹೀರಾತಿನ ಮಾತೇ ಇರಲಿಲ್ಲ. ಹನ್ನೆರಡು ಜನರ ಪಗಾರ ಬರಲೇ ಇಲ್ಲ. ಶಿವಪುತ್ರ ಬಿಡುಗಡೆಯಾದ ಮೇಲೆ ಕಂಪ್ಯೂಟರುಗಳನ್ನು ಬಾಗಲಕೋಟೆಯ ನವನಗರದ ಯಾರಿಗೋ ಮಾರಿದ. ಅವರು ಅವುಗಳಿಂದ ಏನು ಮಾಡಿದರೋ ತಿಳಿಯದು.

ಶಿಕ್ಷೆ ಮುಗಿದ ದಿನ ಸತ್ಯವ್ವ ಬಾಗಲಕೋಟೆಯ ಬಸ್ ನಿಲ್ದಾಣಕ್ಕೆ ಬಂದಿದ್ದಳು. ಎರಡು ವರ್ಷ ಅಣ್ಣನ ಕುರಿಗಳನ್ನು ಕಾಯ್ದು ಬಿಸಿಲಿಗೆ ಕಪ್ಪಾಗಿದ್ದಳು. ಅವನ ಹೋದ ಕಣ್ಣನ್ನು ಒಮ್ಮೆ ನೋಡಿ, ಬೇರೆ ಕಡೆ ತಿರುಗಿದಳು.

“ಇನ್ನ ಯಾರನರ ಹೊಡೀತಿಯೇನು?” ಎಂದು ಕೇಳಿದಳು.

ಸೋಮಲಿಂಗ ಸುಳ್ಳು ಹೇಳಬಹುದಿತ್ತು.

“ಗೊತ್ತಿಲ್ಲ,” ಎಂದ.

“ಹಂಗಾರ ಗೊತ್ತಾಗೂ ತನಕ ಕುರಿ ಹಟ್ಟ್ಯಾಗ ಮಲ್ಕೊ. ಮನಿಯೊಳಗ ಬ್ಯಾಡ.”

ಹುನಗುಂದದ ಬಸ್ಸು ಬಂತು. ಸತ್ಯವ್ವ ಹತ್ತಿ, ಹೆಂಗಸರ ಸೀಟಿನಲ್ಲಿ ಕೂತು, ಇಬ್ಬರಿಗೂ ಟಿಕೇಟು ತೆಗೆಸಿದಳು. ಸೋಮಲಿಂಗ ಕಾಲೆಳೆಯುತ್ತ ಹಿಂದಿನ ಬಾಗಿಲಿನಿಂದ ಹತ್ತಿದ.